ಪಾವಗಡದ ಒಂದು ಮನೆ, ಮೂವರ ಬಾಯಿ, ಒಂದೇ ದುಡ್ಡು

ನಾನು ತುಮಕೂರಿನಲ್ಲಿ ದಂತ ವೈದ್ಯೆ. ಪಾವಗಡ ತಾಲ್ಲೂಕಿನಿಂದ ಬಂದ ಒಂದು ಕುಟುಂಬದ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಅಪ್ಪನಿಗೆ 58 ವರ್ಷ. ಅಮ್ಮನಿಗೆ ಐವತ್ತು ದಾಟಿದೆ. ಮಗಳಿಗೆ 24, ಬೆಂಗಳೂರಿನಲ್ಲಿ ಕೆಲಸ. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ.

ಹಳ್ಳಿಯವರು ಹಲ್ಲಿಗೆ ಯಾಕೆ ಖರ್ಚು ಮಾಡಲ್ಲ ಅಂತ ಕೇಳಿದರೆ ನಮ್ಮ ವೃತ್ತಿಯವರು ಸಾಮಾನ್ಯವಾಗಿ ಹೇಳುವ ಉತ್ತರ ಒಂದೇ: ‘ಪಾಪ, ದುಡ್ಡಿರಲ್ಲ.’ ಎಷ್ಟೋ ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ಈ ಮನೆಯಲ್ಲಿ ದುಡ್ಡಿತ್ತು. ಆದರೂ ಅಪ್ಪ, ಅಮ್ಮ, ಮಗಳು, ಈ ಮೂವರ ಬಾಯಲ್ಲಿ ಯಾವುದಕ್ಕೆ ಚಿಕಿತ್ಸೆ ಆಗಬೇಕು, ಯಾವುದಕ್ಕೆ ಬೇಡ ಅನ್ನುವುದು ರೋಗ ಎಷ್ಟಿದೆ ಅನ್ನುವುದರ ಮೇಲೆ ನಿಂತಿರಲಿಲ್ಲ. ಆ ಹಲ್ಲು ಯಾರದ್ದು, ಯಾತಕ್ಕೆ ಬೇಕು ಅನ್ನುವುದರ ಮೇಲೆ ನಿಂತಿತ್ತು. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು.

ದುಡ್ಡು ಎಲ್ಲಿಂದ ಬಂತು

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಓದಿರುತ್ತೀರಿ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಅಲ್ಲಿ ಸರ್ಕಾರ ರೈತರಿಂದ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಈ ಕುಟುಂಬದ ಆರು ಎಕರೆ ಅದರಲ್ಲಿ ಹೋಗಿದೆ. ಮೊದಲು ಅಲ್ಲಿ ಮಳೆ ನಂಬಿಕೊಂಡು ಕಡಲೆಕಾಯಿ ಹಾಕುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜದ ದುಡ್ಡೂ ಬರುತ್ತಿರಲಿಲ್ಲ. ಈಗ ವರ್ಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಬ್ಯಾಂಕಿಗೆ ಬರುತ್ತದೆ. ಜೊತೆಗೆ ಅಮ್ಮ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ.

ಕೂಲಿ ದುಡ್ಡು ಬಂದ ಹಾಗೇ ಅಂಗಡಿಗೆ, ಬಸ್ಸಿಗೆ ಖರ್ಚಾಗಿಬಿಡುತ್ತದೆ. ಬಾಡಿಗೆ ದುಡ್ಡು ಹಾಗಲ್ಲ. ವರ್ಷಕ್ಕೊಮ್ಮೆ ಬರುತ್ತದೆ, ಎಲ್ಲರೂ ಕೂತು ಮಾತಾಡುತ್ತಾರೆ. ಮಗನ ಫೀಸು ಎಷ್ಟು, ಮದುವೆಗೆ ಎಷ್ಟು ತೆಗೆದಿಡಬೇಕು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎಷ್ಟು ಬರೆಸಬೇಕು. ಆ ವರ್ಷ ದೇವಸ್ಥಾನಕ್ಕೆ 25,000 ಬರೆಸಿದ್ದರು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಊರಲ್ಲಿ ತಲೆ ಎತ್ತಿ ಓಡಾಡುವುದಕ್ಕೂ ಒಂದು ಬೆಲೆ ಇದೆ, ಅದನ್ನು ಅವರು ಖುಷಿಯಿಂದಲೇ ಕೊಟ್ಟಿದ್ದರು. ಹಲ್ಲಿಗೆ ಅಂತ ಆ ಮಾತುಕತೆಯಲ್ಲಿ ಯಾವತ್ತೂ ಒಂದು ಬಾಬ್ತು ಇರಲಿಲ್ಲ.

ಆರೋಗ್ಯ ವಿಮೆಯಿಂದಲೂ ಏನೂ ಆಗಲಿಲ್ಲ. ಮಗಳ ಕಂಪನಿಯ ವಿಮೆ, ಬಹುತೇಕ ವಿಮೆಗಳಂತೆಯೇ, ಅಪಘಾತದಲ್ಲಿ ಹಲ್ಲಿಗೆ ಏಟು ಬಿದ್ದು ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುತ್ತದೆ. ಹುಳುಕು, ವಸಡು, ಕಲೆ ಎಲ್ಲಾ ಸ್ವಂತ ಜೇಬಿನಿಂದಲೇ. ಹೃದಯದ ಆಪರೇಷನ್ ಆದರೆ ಕಾರ್ಡ್ ಇದೆಯಾ, ಯೋಜನೆ ಇದೆಯಾ ಅಂತ ಮೊದಲು ಕೇಳುತ್ತೇವೆ. ಹಲ್ಲಿನ ವಿಷಯದಲ್ಲಿ ಮನೆಯವರ ಮನಸ್ಸೇ ಯೋಜನೆ.

ಮಗಳ ಹಲ್ಲು

ಅವರು ಬಂದಿದ್ದು ಮಗಳಿಗಾಗಿ. ಮೇಲಿನ ಮುಂದಿನ ಹಲ್ಲುಗಳಲ್ಲಿ ಅಡ್ಡಡ್ಡಕ್ಕೆ ಕಂದು ಪಟ್ಟೆ, ಮಧ್ಯೆ ಮಧ್ಯೆ ಸುಣ್ಣ ಬಳಿದಂಥ ಬಿಳಿ ಮಚ್ಚೆ. ನಡುವಿನ ಎರಡು ಹಲ್ಲುಗಳಲ್ಲಿ ಸಣ್ಣ ಸಣ್ಣ ಗುಳಿ. ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಫ್ಲೋರೈಡ್.

ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಅನ್ನುವುದು ನಮ್ಮ ದೇಶದ ಮಾನದಂಡ. ಪಾವಗಡದ ಎಷ್ಟೋ ಬೋರ್‌ವೆಲ್‌ಗಳು ಆ ಗೆರೆ ದಾಟಿವೆ. ಅದೂ ಅಲ್ಲದೆ, ಹಾನಿ ಆಗುವುದು ಹಲ್ಲು ಹುಟ್ಟಿದ ಮೇಲಲ್ಲ. ಮುಂದಿನ ಹಲ್ಲುಗಳ ಹೊರಪದರ ದವಡೆಯೊಳಗೇ ತಯಾರಾಗುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಆಗ ಕುಡಿದ ನೀರು ಆರೇಳನೇ ವಯಸ್ಸಿಗೆ ಹಲ್ಲು ಹೊರಗೆ ಬಂದಾಗ ಕಾಣಿಸುತ್ತದೆ. ಆಮೇಲೆ ಊರಿಗೆ ಶುದ್ಧ ನೀರಿನ ಘಟಕ ಬಂದರೂ, ತುಂಗಭದ್ರೆಯ ನೀರೇ ಬಂದರೂ, ಆ ಕಲೆ ಹೋಗುವುದಿಲ್ಲ. ಈ ಹುಡುಗಿ ಅ ಆ ಇ ಈ ಕಲಿಯುವುದಕ್ಕೆ ಮೊದಲೇ ಆಕೆಯ ಹಲ್ಲಿನ ಬಣ್ಣ ತೀರ್ಮಾನವಾಗಿತ್ತು.

ಊರಲ್ಲಿ ಇದು ಯಾರಿಗೂ ಖರ್ಚಿನ ವಿಷಯ ಆಗಿರಲಿಲ್ಲ. ಅಕ್ಕಪಕ್ಕದ ಮನೆಯವರ ಹಲ್ಲೂ ಹಾಗೇ, ಶಾಲೆಯಲ್ಲಿ ಪಕ್ಕದಲ್ಲಿ ಕೂತವಳ ಹಲ್ಲೂ ಹಾಗೇ. ಬೆಂಗಳೂರಿಗೆ ಹೋದ ಮೇಲೆ ಬದಲಾಯಿತು. ಪಿಜಿಯಲ್ಲಿ ಒಬ್ಬಳು ‘ನೀನು ಸರಿಯಾಗಿ ಬ್ರಷ್ ಮಾಡಲ್ವಾ?’ ಅಂತ ಕೇಳಿದ್ದಳಂತೆ. ಅಲ್ಲಿಂದ ನಗುವಾಗ ಕೈ ಬಾಯಿಗೆ ಹೋಗುವುದು ಶುರುವಾಯಿತು. ನನ್ನ ಎದುರು ಕೂತಾಗಲೂ ಮಾತಾಡುತ್ತಾ ಮಾತಾಡುತ್ತಾ ಮೇಲಿನ ತುಟಿಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದಳು. ಅಭ್ಯಾಸ ಆಗಿಹೋಗಿತ್ತು.

ಮನೆಯಲ್ಲಿ ಇದು ಖರ್ಚಿನ ವಿಷಯ ಆಗಿದ್ದು ಮಾತ್ರ ಒಂದು ಸಂಬಂಧ ಬಂದಾಗ. ಗಂಡಿನ ಕಡೆಯವರು ನೇರವಾಗಿ ಏನೂ ಹೇಳಲಿಲ್ಲ. ಮಧ್ಯಸ್ಥಿಕೆಯವರ ಬಾಯಲ್ಲಿ ‘ಹುಡುಗಿ ಫೋಟೋದಲ್ಲಿ ನಗೋದೇ ಇಲ್ವಲ್ಲ’ ಅನ್ನುವ ಮಾತು ಬಂತು. ಅಷ್ಟು ಸಾಕಾಯಿತು. ಅಪ್ಪ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದರು. ಎಂಟು ಹಲ್ಲಿಗೆ ಸೆರಾಮಿಕ್ ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ), ಹಲ್ಲಿಗೆ 12,000, ಒಟ್ಟು 96,000. ಅವರು ಚೌಕಾಸಿ ಕೂಡ ಮಾಡಲಿಲ್ಲ. ಊರಿಗೆ ಹತ್ತಿರದಲ್ಲಿ ಯಾರಾದರೂ ಮಾಡುತ್ತಾರಾ ಅಂತ ಕೇಳುತ್ತಾ ನನ್ನ ಬಳಿ ಬಂದಿದ್ದರು.

‘ಅಷ್ಟು ದುಡ್ಡು ಹೊಂದಿಸೋಕೆ ಆಗುತ್ತಾ?’ ಅಂದೆ.

‘ಆಗುತ್ತೆ ಮೇಡಂ. ಅದು ಮದುವೆ ಖರ್ಚು ಅಲ್ವಾ.’

ಈ ಮಾತೇ ಪ್ರಕರಣದ ಬೀಗದ ಕೈ. ಅವರ ಲೆಕ್ಕದಲ್ಲಿ ಆ 96,000 ಹಲ್ಲಿನ ಖರ್ಚಾಗಿರಲೇ ಇಲ್ಲ. ಸೀರೆ, ಒಡವೆ, ಛತ್ರ, ಅದರ ಜೊತೆಗೆ ಹಲ್ಲು. ಮಗಳ ಮದುವೆಗೆ ಸಾಲ ಮಾಡುವುದೂ ಅವರಿಗೆ ಗೌರವದ ವಿಷಯ. ಇದೇ ಕಲೆಗೆ ಅವಳು ಪಿಯುಸಿ ಓದುವಾಗ, ಅವಳೇ ಬಾಯಿ ಬಿಟ್ಟು ಕೇಳಿದಾಗ, ‘ಸುಮ್ನೆ ಯಾಕೆ, ನೋವೇನೂ ಇಲ್ವಲ್ಲ’ ಅಂದಿದ್ದರಂತೆ. ಹಲ್ಲು ಅದೇ, ಕಲೆ ಅದೇ. ಬದಲಾಗಿದ್ದು ಖಾತೆ.

ಅಪ್ಪನ ಬಾಯಿ

ಮಾತಾಡುತ್ತಿದ್ದಾಗ ಅಪ್ಪನ ಬಾಯಿಂದ ಬಂದ ವಾಸನೆಯಲ್ಲೇ ನನಗೆ ಕೀವು ಇದೆ ಅಂತ ಗೊತ್ತಾಗಿತ್ತು. ಕುರ್ಚಿಯಲ್ಲಿ ಕೂರಲು ಒಪ್ಪಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಹಳೆಯದು. ಸಕ್ಕರೆ ಕಾಯಿಲೆ ಇದೆ. ವಸಡು ಊದಿಕೊಂಡು, ಬೆರಳಿಟ್ಟು ಒತ್ತಿದರೆ ಕೀವು ಬರುತ್ತಿತ್ತು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಲ್ಲಿನಂತೆ ಗಟ್ಟಿಯಾದ ಪಾಚಿ. ದವಡೆ ಹಲ್ಲುಗಳಲ್ಲಿ ಮೂರು ಆಗಲೇ ಉದುರಿದ್ದವು. ಎರಡು ನಾಲಿಗೆ ತಾಗಿದರೂ ಅಲ್ಲಾಡುತ್ತಿದ್ದವು.

ನಾನು ನೋಡುವ ಕ್ರಮದಲ್ಲಿ ಮೊದಲು ಚಿಕಿತ್ಸೆ ಬೇಕಾಗಿದ್ದು ಇವರಿಗೆ. ಇದು ರೋಗ, ಪ್ರತಿ ತಿಂಗಳೂ ಮುಂದೆ ಹೋಗುತ್ತಿರುವ ರೋಗ. ಮಗಳದು ಕಲೆ, ಹತ್ತು ವರ್ಷ ಬಿಟ್ಟರೂ ಹಾಗೇ ಇರುತ್ತದೆ. ಖರ್ಚೂ ಕಡಿಮೆ. ಆಳವಾಗಿ ಕ್ಲೀನ್ ಮಾಡುವುದು, ಉಳಿಯದ ಎರಡು ಹಲ್ಲು ತೆಗೆಯುವುದು, ಔಷಧಿ ಎಲ್ಲಾ ಸೇರಿ ಎಂಟು ಸಾವಿರದ ಆಸುಪಾಸು.

‘ನನಗೆ ಬೇಡ ಮೇಡಂ’ ಅಂದರು. ಕಾರಣ ಕೇಳಿದರೆ ಒಂದಾದ ಮೇಲೆ ಒಂದು ಬಂತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ. ಇದು ನಮ್ಮ ಕಡೆ ಎಲ್ಲರೂ ನಂಬುವ ಮಾತು. ನಿಜವಾಗಿ ಪಾಚಿ ಹೋದಾಗ, ವಸಡಿನ ಊತ ಇಳಿದಾಗ, ಮೊದಲೇ ಆಗಿದ್ದ ಸಡಿಲ ಕಾಣಿಸುತ್ತದೆ. ಅದನ್ನು ಕನ್ನಡಿ ಹಿಡಿದು ತೋರಿಸಿ ಹೇಳಿದೆ, ಒಪ್ಪಿದರು. ಆಮೇಲೆ ಇನ್ನೊಂದು: ‘ಮುದ್ದೆ ನುಂಗೋನಿಗೆ ಹಲ್ಲು ಯಾಕೆ?’ ಇದಕ್ಕೆ ಸುಲಭದ ಉತ್ತರ ಇಲ್ಲ. ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಹಲ್ಲು ಪೂರ್ತಿ ಹೋದ ಅಜ್ಜಂದಿರೂ ಎರಡು ಹೊತ್ತು ಮುದ್ದೆ ಉಂಡು ಗಟ್ಟಿಯಾಗಿರುವುದನ್ನು ಇವರು ಕಣ್ಣಾರೆ ನೋಡಿದ್ದಾರೆ. ಚಪಾತಿ ತಿನ್ನುವ ಸೀಮೆಯವರಿಗೆ ಕೊಡುವ ಉಪದೇಶ ಇಲ್ಲಿ ನಡೆಯುವುದಿಲ್ಲ. ‘ಕಡಲೆಕಾಯಿ?’ ಅಂತ ಮಾತ್ರ ಕೇಳಿದೆ. ಕಡಲೆಕಾಯಿ ಬೆಳೆದೇ ಬದುಕಿದ ಮನುಷ್ಯ. ಎರಡು ವರ್ಷದಿಂದ ಹುರಿದ ಕಾಯಿ ತಿಂದಿಲ್ಲ, ಹೆಂಡತಿ ಪುಡಿ ಮಾಡಿಕೊಡುತ್ತಾರೆ ಅಂದರು.

ಮೂರನೆಯ ಕಾರಣ ನಾನು ಊಹಿಸಿರಲಿಲ್ಲ. ‘ಎಲ್ಲಾ ಉದುರಿಹೋಗ್ಲಿ, ಆಮೇಲೆ ಸರ್ಕಾರದೋರೇ ಸೆಟ್ ಕೊಡ್ತಾರಲ್ಲ.’ ಅವರು ಹೇಳುತ್ತಿದ್ದುದು ದಂತ ಭಾಗ್ಯ ಯೋಜನೆಯ ಬಗ್ಗೆ. 2014ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಹಾಕಿಕೊಡುತ್ತಾರೆ. ಮೊದಲು 60 ದಾಟಿದವರಿಗೆ ಇತ್ತು, ಆಮೇಲೆ ವಯಸ್ಸಿನ ಮಿತಿಯನ್ನು 45ಕ್ಕೆ ಇಳಿಸಿದರು. ಅವರ ಪಕ್ಕದ ಮನೆಯ ಅಜ್ಜಿಗೆ ಹಾಗೆ ಸೆಟ್ ಸಿಕ್ಕಿತ್ತು. ಒಳ್ಳೆಯ ಯೋಜನೆ, ನಾನೇ ಎಷ್ಟೋ ಜನರನ್ನು ಕಳಿಸಿದ್ದೇನೆ. ಆದರೆ ಕಟ್ಟಿಸಿಕೊಂಡ ಸೆಟ್‌ನಲ್ಲಿ ಸ್ವಂತ ಹಲ್ಲಿನ ಕಚ್ಚುವ ಬಲದ ಕಾಲು ಭಾಗ ಸಿಕ್ಕರೆ ಹೆಚ್ಚು. ಉಳಿಸಬಹುದಾದ ಇಪ್ಪತ್ತಕ್ಕೂ ಹೆಚ್ಚು ಹಲ್ಲು ಇರುವಾಗ, ಅವು ಉದುರುವುದನ್ನೇ ಕಾಯುತ್ತಾ ಕೂರುವುದು ನನ್ನ ಎದೆಗೆ ಚುಚ್ಚಿದ ಹಾಗಾಯಿತು. ಎಂಟು ಸಾವಿರ ಉಳಿಸುವ ಆಸೆ ಅದಲ್ಲ. ತನ್ನ ಮೇಲೆ ಮನೆಯ ದುಡ್ಡು ಬೀಳಬಾರದು ಅನ್ನುವ ಹಟ. ದುಡಿಯುವ ವಯಸ್ಸು ದಾಟಿತು, ಇನ್ನು ನನ್ನ ಮೈಗೆ ಹಾಕುವ ದುಡ್ಡು ಮಕ್ಕಳಿಂದ ಕಿತ್ತುಕೊಂಡ ಹಾಗೆ ಅನ್ನುವ ಭಾವನೆ.

ಬೆಂಚಿನ ಮೇಲೆ ಕೂತಿದ್ದವರು

ಇಂಥ ಕಡೆ ದರಪಟ್ಟಿ ಕೊಟ್ಟು ‘ಯೋಚನೆ ಮಾಡಿ ಬನ್ನಿ’ ಅನ್ನುವುದರಿಂದ ಏನೂ ಆಗುವುದಿಲ್ಲ. ಹಾಗಾಗಿ ಮೂವರನ್ನೂ ಬೇರೆ ಬೇರೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ. ಬಾಯಿಯ ಖರ್ಚಿಗೆ ಅಂತ ಒಂದು ಲಕ್ಷ ಪಕ್ಕಕ್ಕಿಟ್ಟಿದ್ದೀರಿ ಅಂದುಕೊಳ್ಳಿ, ಯಾರಿಗೆ ಮೊದಲು?

ಅಪ್ಪ: ‘ಮಗಳಿಗೆ.’ ಮಗಳು: ‘ಅಪ್ಪನಿಗೆ. ನನ್ನದು ಆಮೇಲೆ ನೋಡ್ಕೊಳ್ತೀನಿ.’ ಅಮ್ಮ: ‘ಮಗಳಿಗೆ ಮಾಡಿ, ಉಳಿದ್ರೆ ಇವ್ರಿಗೆ.’

ಅಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಅಷ್ಟು ಹೊತ್ತೂ ಅವರು ಹೊರಗಿನ ಬೆಂಚಿನ ಮೇಲೆ ಎಲ್ಲರ ಚೀಲ ಇಟ್ಟುಕೊಂಡು ಕೂತಿದ್ದರು. ನಮ್ಮ ಸಹಾಯಕಿ ನೀರು ಕೊಟ್ಟಾಗ ತಲೆಯನ್ನು ಬಲಕ್ಕೆ ವಾಲಿಸಿ ಕುಡಿದಿದ್ದನ್ನು ನಾನು ನೋಡಿದ್ದೆ. ತಣ್ಣೀರು ಎಡಗಡೆಗೆ ತಾಗಬಾರದು ಅಂತ. ‘ಬಾಯಿ ತೋರಿಸಿ’ ಅಂದರೆ ‘ನನಗೇನಾಗಿದೆ?’ ಅಂದರು. ಎಡಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲಲ್ಲಿ ಒಂದು ದೊಡ್ಡ ತೂತು. ಅದರೊಳಗೆ ಲವಂಗ ತುರುಕಿದ್ದರು. ಎಷ್ಟು ದಿನದಿಂದ ಅಂದರೆ, ಮಗ ಹೈಸ್ಕೂಲಿನಲ್ಲಿದ್ದಾಗಿನಿಂದ. ರಾತ್ರಿ ನೋವು ಬಂದರೆ ಎದ್ದು ಹೊಸ ಲವಂಗ ಇಟ್ಟುಕೊಂಡು ಮಲಗುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೂ.

ಅವರ ಪ್ರಶ್ನೆ ಒಂದೇ: ‘ಕೀಳೋಕೆ ಎಷ್ಟು?’ 600 ರೂಪಾಯಿ. ಹಲ್ಲು ಕೀಳದೆ ಒಳಗೆ ಕ್ಲೀನ್ ಮಾಡಿ ಉಳಿಸುವ ರೂಟ್ ಕೆನಾಲ್‌ಗೆ 4,000, ಮೇಲೆ ಕ್ಯಾಪ್ ಹಾಕಲು ಇನ್ನೊಂದು 4,500. ‘ಕಿತ್ತಾಕ್ಬಿಡಿ, ಇವತ್ತೇ.’ ನಮ್ಮ ಕಡೆಯ ಹೆಂಗಸರ ಬಾಯಲ್ಲಿ ದವಡೆ ಹಲ್ಲುಗಳು ಯಾಕೆ ಇಷ್ಟು ಕಡಿಮೆ ಉಳಿದಿರುತ್ತವೆ ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಪದಗಳನ್ನು ನೆನೆಸಿಕೊಳ್ಳುತ್ತೇನೆ. ನಾವು ಅದನ್ನು ‘ರೋಗಿಯ ಆಯ್ಕೆ’ ಅಂತ ಕಾರ್ಡಿನಲ್ಲಿ ಬರೆದುಬಿಡುತ್ತೇವೆ. ಹಾಲಿನ ದುಡ್ಡು ಪೂರ್ತಿ ಅವರ ಕೈಯಿಂದಲೇ ಬರುತ್ತದೆ, ಆ ಮನೆಯಲ್ಲಿ ದಿನಾ ದುಡಿದು ತರುವವರು ಅವರೇ. ಆದರೂ ತನ್ನ ಬಾಯಿಗೆ 600ಕ್ಕಿಂತ ಜಾಸ್ತಿ ಸಲ್ಲದು ಅನ್ನುವ ಮಿತಿಯನ್ನು ಅವರೇ ಹಾಕಿಕೊಂಡಿದ್ದರು. ಆ ದಿನ ನಾನು ಹಲ್ಲು ಕೀಳಲಿಲ್ಲ. ಹುಳುಕು ಕೆರೆದು, ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ, ಮೂವರನ್ನೂ ಒಟ್ಟಿಗೆ ಕೂರಿಸಿ ಲವಂಗದ ವಿಷಯ ಹೇಳಿದೆ. ಹೇಳಲು ಅಮ್ಮನ ಒಪ್ಪಿಗೆ ಕೇಳಿಯೇ ಹೇಳಿದೆ. ಮಗಳು ಅಳುವುದಕ್ಕೇ ಶುರು ಮಾಡಿದಳು.

ಏನೇನಾಯಿತು

ವಿನೀರ್ ಬಗ್ಗೆ ನಾನು ಮಗಳಿಗೆ ಪೂರ್ತಿ ಹೇಳಿದೆ. ಅದಕ್ಕೆ ಸಾಮಾನ್ಯವಾಗಿ ಹಲ್ಲಿನ ಮೇಲ್ಪದರವನ್ನು ಸುಮಾರು ಅರ್ಧ ಮಿಲಿಮೀಟರ್ ತೇಯಬೇಕು. ತೇಯ್ದಿದ್ದು ವಾಪಸ್ ಬರುವುದಿಲ್ಲ. ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಬಹುದು. 24ರಲ್ಲಿ ಶುರು ಮಾಡಿದರೆ ಜೀವನದಲ್ಲಿ ಮತ್ತೆ ಮತ್ತೆ ಈ ಖರ್ಚು ಬರುತ್ತದೆ. ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಆದ ಹಾನಿ, ಜಾಸ್ತಿ ಇದ್ದಾಗ ಹಲ್ಲಿಗೆ ಅಂಟುವುದೂ ಸ್ವಲ್ಪ ಕಷ್ಟ. ಇನ್ನೊಂದು ದಾರಿ ಇದೆ. ಆಮ್ಲ ಮತ್ತು ಉಜ್ಜುಪುಡಿ ಬೆರೆಸಿ ಮೇಲ್ಪದರವನ್ನು ಕೂದಲೆಳೆಯಷ್ಟು ಮಾತ್ರ ಉಜ್ಜುವುದು, ಆಮೇಲೆ ಅಚ್ಚಿನಲ್ಲಿ ಜೆಲ್ ಹಾಕಿಕೊಂಡು ಕೆಲವು ವಾರ ಮನೆಯಲ್ಲೇ ಬ್ಲೀಚ್, ಗುಳಿ ಇರುವ ಎರಡು ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬುವುದು. ನಮ್ಮಲ್ಲಿ 18,000 ಆಗುತ್ತದೆ. ಕಂದು ಬಣ್ಣ ಬಹುಪಾಲು ಹೋಗುತ್ತದೆ, ಬಿಳಿ ಮಚ್ಚೆ ಪೂರ್ತಿ ಹೋಗುವುದಿಲ್ಲ.

ಅವಳು ಎರಡನೆಯದನ್ನು ಆರಿಸಿಕೊಂಡಳು. ಆದರೆ ಒಂದು ಷರತ್ತು ಹಾಕಿದಳು, ಅಪ್ಪನ ಎದುರಿಗೇ. ‘ದುಡ್ಡು ನಾನೇ ಕೊಡ್ತೀನಿ, ನನ್ನ ಸಂಬಳದಲ್ಲಿ. ಅವ್ರು ಕೇಳಿದ್ರು ಅಂತ ಮಾಡಿಸ್ಕೊಳ್ಳಲ್ಲ. ನಂಗೆ ಬೇಕು, ಅದಕ್ಕೆ.’ ಅಪ್ಪನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಮಗಳ ಮದುವೆಗೆ ಖರ್ಚು ಮಾಡುವುದು ಅವರ ಹಕ್ಕು, ಅದನ್ನು ಅವಳು ಕಿತ್ತುಕೊಂಡ ಹಾಗಾಯಿತು. ಆ ಹೊತ್ತಿನ ಮೌನ ನನಗೂ ಕಷ್ಟವಾಗಿತ್ತು. ಕೊನೆಗೆ ಅಮ್ಮನೇ ‘ಅವಳ ಹಲ್ಲು, ಅವಳ ದುಡ್ಡು’ ಅಂತ ಮುಗಿಸಿದರು. ಆ ಸಂಬಂಧ ಮುಂದುವರಿಯಲಿಲ್ಲ. ಜಾತಕ ಕೂಡಲಿಲ್ಲ ಅಂತ ತಿಳಿಸಿದರಂತೆ. ಮಗಳ ಚಿಕಿತ್ಸೆ ಅದಾದ ಮೇಲೆ ನಡೆಯಿತು, ಅಂದುಕೊಂಡಂತೆಯೇ ಫಲ ಬಂತು. ಹತ್ತಿರದಿಂದ ನೋಡಿದರೆ ಬಿಳಿ ಮಚ್ಚೆ ಈಗಲೂ ಕಾಣುತ್ತದೆ, ಅವಳಿಗೆ ಅದರ ಚಿಂತೆ ಇಲ್ಲ.

ಅಪ್ಪ ಒಪ್ಪಿದ ಬಗೆ ನನಗೆ ಕಲಿಸಿದ್ದು ಜಾಸ್ತಿ. ಕಡಲೆಕಾಯಿ, ಬಾಯಿ ವಾಸನೆ, ಇಪ್ಪತ್ತು ಹಲ್ಲು ಉಳಿಯುವ ಲೆಕ್ಕ, ಯಾವುದಕ್ಕೂ ಅವರು ಕರಗಿರಲಿಲ್ಲ. ಸಕ್ಕರೆಯ ಮಾತು ಬಂದಾಗ ಮಾತ್ರ ಎದ್ದು ಕೂತರು. ವಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ, ಏರಿದ ಸಕ್ಕರೆ ವಸಡನ್ನು ಇನ್ನಷ್ಟು ಕೆಡಿಸುತ್ತದೆ. ವಸಡಿಗೆ ಚಿಕಿತ್ಸೆ ಆದರೆ ಮೂರು ತಿಂಗಳ ಸಕ್ಕರೆ ಸರಾಸರಿಯೂ ಸ್ವಲ್ಪ ಇಳಿಯುತ್ತದೆ. ಅವರ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದಿದ್ದಾರೆ. ಆತನನ್ನು ಮಕ್ಕಳು ಎತ್ತಿಕೊಂಡು ಬಚ್ಚಲಿಗೆ ಕರೆದೊಯ್ಯುವುದನ್ನು ಇವರು ನೋಡುತ್ತಲೇ ಇದ್ದಾರೆ. ‘ಹಂಗಾಗಬಾರದು. ಯಾರ ಕೈಲೂ ಮಾಡಿಸ್ಕೊಳ್ಳಬಾರದು’ ಅಂದರು. ಯಾವ ಭಾವನೆ ಇವರನ್ನು ಖರ್ಚು ಮಾಡದಂತೆ ತಡೆದಿತ್ತೋ, ಮಕ್ಕಳಿಗೆ ಭಾರ ಆಗಬಾರದು ಅನ್ನುವುದು, ಅದೇ ಈಗ ಖರ್ಚು ಮಾಡಿಸಿತು. ನಾನು ಅವರ ಮನಸ್ಸನ್ನು ಬದಲಿಸಲಿಲ್ಲ. ಹಲ್ಲು ಆ ಮನಸ್ಸಿನಲ್ಲಿ ಯಾವ ಕಡೆ ಕೂರುತ್ತದೆ ಅನ್ನುವುದು ಮಾತ್ರ ಬದಲಾಯಿತು. ಎಲ್ಲಾ ಕ್ಲೀನಿಂಗ್ ಮಾಡಿಸಿಕೊಂಡರು. ಎರಡು ಹಲ್ಲು ತೆಗೆದೆವು. ಎಲೆ ಅಡಿಕೆ ಕಡಿಮೆಯಾಗಿದೆ, ಹೊಗೆಸೊಪ್ಪು ಪೂರ್ತಿ ಬಿಟ್ಟಿಲ್ಲ. ಅದರ ಬಗ್ಗೆ ನಮ್ಮಿಬ್ಬರ ಜಗಳ ಮುಂದುವರಿದಿದೆ.

ಅಮ್ಮನದು ಇನ್ನೂ ಅರ್ಧಕ್ಕೇ ನಿಂತಿದೆ. ರೂಟ್ ಕೆನಾಲ್ ಮುಗಿಯಿತು. ಅದಕ್ಕೂ ಹಾಲು ಕರೆಯುವ ಹೊತ್ತು ತಪ್ಪಬಾರದು ಅಂತ ಬೆಳಗಿನ ಮೊದಲ ಬಸ್ಸಿಗೆ ಬಂದು ಮಧ್ಯಾಹ್ನಕ್ಕೆ ವಾಪಸ್ ಓಡುತ್ತಿದ್ದರು. ನೋವು ನಿಂತಿತು. ನೋವು ನಿಂತ ಮೇಲೆ ಕ್ಯಾಪ್ ಯಾಕೆ ಅನ್ನುವುದು ಅವರ ವಾದ. ರೂಟ್ ಕೆನಾಲ್ ಆದ ದವಡೆ ಹಲ್ಲು ಕ್ಯಾಪ್ ಇಲ್ಲದಿದ್ದರೆ ಒಂದು ದಿನ ನಡುವೆ ಸೀಳಬಹುದು, ಸೀಳಿದರೆ ಕೀಳದೆ ಬೇರೆ ದಾರಿ ಇರುವುದಿಲ್ಲ ಅಂತ ಬಂದಾಗಲೆಲ್ಲಾ ಹೇಳುತ್ತೇನೆ. ಈ ವರ್ಷದ ಬಾಡಿಗೆ ದುಡ್ಡು ಬಂತು. ಮಗನ ಕಾಲೇಜು ಫೀಸಿಗೆ ದೊಡ್ಡ ಪಾಲು ಹೋಯಿತು. ಉಳಿದಿದ್ದರಲ್ಲಿ ಅಮ್ಮ ಹಸುವಿನ ಕೊಟ್ಟಿಗೆಗೆ ಶೀಟು ಹಾಕಿಸಿದರು. ಮಗಳು ಫೋನ್ ಮಾಡಿ ಕ್ಯಾಪ್‌ನ 4,500 ನನಗೇ ನೇರವಾಗಿ ಕಳಿಸುತ್ತೇನೆ ಅಂದಿದ್ದಾಳೆ. ‘ಅಮ್ಮನ ಕೈಗೆ ಕೊಟ್ರೆ ಅದು ಹಿಂಡಿ ಬೂಸಾ ಆಗ್ಬಿಡುತ್ತೆ.’ ಅಳತೆ ತೆಗೆದುಕೊಳ್ಳಲು ಬರಬೇಕು ಅಂತ ಅಮ್ಮನಿಗೆ ಹೇಳಿ ಕಳಿಸಿದ್ದೇನೆ. ಹಸು ಕರು ಹಾಕಿದ ಮೇಲೆ ಬರುತ್ತಾರಂತೆ.